ಹತ್ತು ರೂಪಾಯಿಯ ಬಾಗಿಲು ಯಾರಿಗೆ ತೆರೆಯಿತು?

ಯೆಸ್ ಬ್ಯಾಂಕಿನ ಐದರಲ್ಲೊಂದು ಪಾಲನ್ನು ಜಪಾನಿನ ಸುಮಿಟೊಮೊ ಮಿತ್ಸುಯಿ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಕೊಂಡಿತು. ಷೇರೊಂದಕ್ಕೆ ಕೊಟ್ಟ ಬೆಲೆ 21 ರೂಪಾಯಿ 50 ಪೈಸೆ. ಒಟ್ಟು ಮೊತ್ತ 13,483 ಕೋಟಿ ರೂಪಾಯಿ. ಮಾರಿದವರು ಭಾರತೀಯ ಸ್ಟೇಟ್ ಬ್ಯಾಂಕು ಮತ್ತು ಏಳು ಖಾಸಗಿ ಬ್ಯಾಂಕುಗಳು. ಇವರೆಲ್ಲ 2020ರ ಮಾರ್ಚಿನಲ್ಲಿ ಷೇರಿಗೆ ಹತ್ತು ರೂಪಾಯಿಯಂತೆ ಕೊಟ್ಟು ಯೆಸ್ ಬ್ಯಾಂಕಿನೊಳಗೆ ಕಾಲಿಟ್ಟವರು. ಮುಳುಗುತ್ತಿದ್ದ ಬ್ಯಾಂಕನ್ನು ದಡಕ್ಕೆ ತಂದರು, ಠೇವಣಿದಾರರ ಹಣ ಉಳಿಯಿತು, ನೌಕರರ ಕೆಲಸ ಉಳಿಯಿತು, ತಂದವರಿಗೆ ಒಂದಕ್ಕೆ ಎರಡರಷ್ಟು ಲಾಭವೂ ಬಂತು ಎಂದು ವ್ಯಾಪಾರಸ್ಥರ ಲೋಕ ಹರ್ಷಪಟ್ಟಿತು. ಬ್ಯಾಂಕು ಉಳಿದದ್ದು ನಮಗೂ ಸಂತೋಷದ ಸಂಗತಿಯೇ.

ಆದರೆ ಈ ಹರ್ಷದ ಲೆಕ್ಕದಲ್ಲಿ ಒಬ್ಬನ ಸುದ್ದಿಯೇ ಇಲ್ಲ. ಆತ ಬ್ಯಾಂಕಿನ ಹಳೆಯ ಸಣ್ಣ ಷೇರುದಾರ. ಗಿರಣಿಯಿಂದ ನಿವೃತ್ತನಾದಾಗ ಕೈಗೆ ಬಂದ ಗ್ರಾಚುಯಿಟಿಯಲ್ಲಿ ಒಂದಿಷ್ಟನ್ನೋ, ಕಿರಾಣಿ ಅಂಗಡಿಯ ಗಲ್ಲಾದಲ್ಲಿ ವರ್ಷವೆಲ್ಲ ಕೂಡಿಟ್ಟದ್ದರಲ್ಲಿ ಒಂದಿಷ್ಟನ್ನೋ ಐನೂರು, ಸಾವಿರ ಷೇರುಗಳಲ್ಲಿ ಹಾಕಿದವನು. ಇದೇ ಷೇರು 2018ರ ಆಗಸ್ಟಿನಲ್ಲಿ 400 ರೂಪಾಯಿ ಮುಟ್ಟಿತ್ತು. ಬ್ಯಾಂಕನ್ನು ಉಳಿಸಿದ ಏರ್ಪಾಟಿನಲ್ಲಿ ಅವನ ಪಾಲಿಗೆ ಬಂದದ್ದೇನು ಎಂಬುದನ್ನು ನೋಡುವುದು ಅಗತ್ಯ. ಏಕೆಂದರೆ ಇಂಥ ಏರ್ಪಾಟುಗಳು ಇನ್ನೂ ಬರಲಿವೆ.

ಷೇರು ಕೊಂಡವನು ಸಣ್ಣವನಾದರೂ ಬಂಡವಳಿಗನೇ ಅಲ್ಲವೆ, ಜೂಜಿಗೆ ಕೂತವನು ಸೋತರೆ ಸಮಾಜವಾದಿಗಳೇಕೆ ಮರುಗಬೇಕು ಎಂದು ನಮ್ಮ ಕೆಲವು ಗೆಳೆಯರು ಕೇಳುತ್ತಾರೆ. ಕೇಳತಕ್ಕ ಮಾತೇ. ಆದರೆ ಪಿಂಚಣಿ ಎಂಬುದು ಹೆಸರಿಗೆ ಮಾತ್ರ ಉಳಿದ ಕಾರ್ಮಿಕನನ್ನು, ಠೇವಣಿಯ ಬಡ್ಡಿ ಬೆಲೆಯೇರಿಕೆಯ ಹಿಂದೆ ಓಡಲಾರದೆ ಕುಂಟುತ್ತಿರುವುದನ್ನು ಕಂಡ ವ್ಯಾಪಾರಿಯನ್ನು, ಷೇರುಪೇಟೆಗೆ ಕೈಬೀಸಿ ಕರೆದವರು ಯಾರು? ಕಾರ್ಮಿಕರ ಭವಿಷ್ಯನಿಧಿಯ ಒಂದು ಭಾಗವನ್ನೇ 2015ರಿಂದ ಸರಕಾರ ಷೇರುಪೇಟೆಗೆ ಕಳಿಸುತ್ತಿದೆ. ತಾನು ಷೇರು ಮುಟ್ಟಿಲ್ಲ ಎಂದುಕೊಂಡ ನೂಲುಗಿರಣಿಯ ಕಾರ್ಮಿಕನೂ ಆ ಪೇಟೆಯೊಳಗೆ ಇದ್ದಾನೆ. ಅವನನ್ನು ಕರೆತಂದ ಮೇಲೆ ಅಲ್ಲಿಯ ನ್ಯಾಯ ಅನ್ಯಾಯ ನಮ್ಮದಲ್ಲ ಎನ್ನುವುದು ಸಲ್ಲದು.

ಬ್ಯಾಂಕು ಮುಳುಗಿದ್ದು ಹೇಗೆಂಬುದನ್ನು ಬಹಳ ಬೆಳೆಸಬೇಕಾಗಿಲ್ಲ. ಬೇರೆ ಬ್ಯಾಂಕುಗಳು ಬಾಗಿಲು ಹಾಕಿಕೊಂಡ ದೊಡ್ಡ ಸಾಲಗಾರರಿಗೆ ಅದು ಬಾಗಿಲು ತೆರೆಯಿತು. ಕೆಟ್ಟ ಸಾಲವನ್ನು ಕೆಟ್ಟದ್ದೆಂದು ಲೆಕ್ಕದಲ್ಲಿ ತೋರಿಸಲಿಲ್ಲ. 2016ರ ಮಾರ್ಚಿಗೆ ಕೊನೆಗೊಂಡ ವರ್ಷದಲ್ಲಿ 4,176 ಕೋಟಿ, ಮರುವರ್ಷ 6,355 ಕೋಟಿ ರೂಪಾಯಿಗಳ ಕೆಟ್ಟ ಸಾಲ ಬ್ಯಾಂಕಿನ ಲೆಕ್ಕಕ್ಕೂ ರಿಸರ್ವ್ ಬ್ಯಾಂಕಿನ ತಪಾಸಣೆಗೂ ನಡುವೆ ವ್ಯತ್ಯಾಸವಾಗಿ ಹೊರಬಿತ್ತು. ಲೆಕ್ಕಪರಿಶೋಧಕರು ಆ ಲೆಕ್ಕಕ್ಕೆ ರುಜು ಹಾಕಿದ್ದರು. ಮುಖ್ಯಸ್ಥ ರಾಣಾ ಕಪೂರರ ಅವಧಿಯನ್ನು ಮುಂದುವರಿಸಲು 2018ರಲ್ಲಿ ರಿಸರ್ವ್ ಬ್ಯಾಂಕು ಒಪ್ಪಲಿಲ್ಲ. ಆಗ ಅವರು ತಮ್ಮ ಷೇರುಗಳು ವಜ್ರಕ್ಕೆ ಸಮ, ಅವನ್ನು ಹೆಣ್ಣುಮಕ್ಕಳಿಗೆ ಬಿಟ್ಟುಹೋಗುವೆ, ಒಂದನ್ನೂ ಮಾರಬೇಡಿರೆಂದು ಕೇಳಿಕೊಳ್ಳುವೆ ಎಂಬರ್ಥದ ಮಾತನ್ನು ಬಹಿರಂಗವಾಗಿ ಆಡಿದರು. ಊರೂರಿನ ಸಣ್ಣ ಷೇರುದಾರ ಅದನ್ನು ನಂಬಿದ. 2019ರ ನವೆಂಬರಿನ ಹೊತ್ತಿಗೆ ಕಪೂರರ ಕೈಯಲ್ಲಿ ಉಳಿದಿದ್ದುದು ಬರೇ 900 ಷೇರು. 2020ರ ಮಾರ್ಚಿನಲ್ಲಿ ಅವರ ಬಂಧನವಾಯಿತು, 2024ರಲ್ಲಿ ಜಾಮೀನು ಸಿಕ್ಕಿತು. ಅವರ ಮೇಲಿನ ಆಪಾದನೆಗಳ ತೀರ್ಮಾನ ನ್ಯಾಯಾಲಯದ್ದು. ನಾವು ಹೇಳುವುದಿಷ್ಟು: ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿ ಹೋಯಿತು. ಹೊಡೆತ ಬಿದ್ದದ್ದು ಮೇಕೆಗೆ.

ಠೇವಣಿದಾರರು ಮೊದಲೇ ವಾಸನೆ ಹಿಡಿದಿದ್ದರು. 2019ರ ಸೆಪ್ಟೆಂಬರ್ ಕೊನೆಗೆ 2 ಲಕ್ಷ 9 ಸಾವಿರ ಕೋಟಿ ಇದ್ದ ಠೇವಣಿ, 2020ರ ಮಾರ್ಚ್ 5ಕ್ಕೆ 1 ಲಕ್ಷ 37 ಸಾವಿರ ಕೋಟಿಗೆ ಇಳಿದಿತ್ತು. ಆ ದಿನ ಸಂಜೆ ಸರಕಾರ ತಡೆಯಾಜ್ಞೆ ಹೊರಡಿಸಿತು: ಖಾತೆಯಿಂದ 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ. ಯೆಸ್ ಬ್ಯಾಂಕಿನ ಮೂಲಕ ನಡೆಯುತ್ತಿದ್ದ ಫೋನ್‌ಪೇ ಮಾರನೆಯ ದಿನ ನಿಂತುಹೋದಾಗ, ಆ ಬ್ಯಾಂಕಿನ ಹೆಸರು ಕೇಳದ ಅಂಗಡಿಕಾರನಿಗೂ ಬಿಸಿ ತಟ್ಟಿತು. ಬ್ಯಾಂಕನ್ನು ಹಾಗೇ ಬಿಟ್ಟಿದ್ದರೆ ಬೆಂಕಿ ಪಕ್ಕದ ಮನೆಗೂ ಹತ್ತುತ್ತಿತ್ತು. ಸರಕಾರ ಕೈಹಾಕಿದ್ದು ಸರಿ. ಠೇವಣಿದಾರ ಮೊದಲು, ಷೇರುದಾರ ಆಮೇಲೆ ಎಂಬ ನಿಯಮವೂ ಸರಿಯೇ.

ನಮ್ಮ ತಕರಾರು ಕೈಹಾಕಿದ ರೀತಿಯ ಮೇಲೆ. ರಿಸರ್ವ್ ಬ್ಯಾಂಕು ಪುನಾರಚನೆಯ ಕರಡನ್ನು ಪ್ರಕಟಿಸಿದ್ದು ಮಾರ್ಚ್ 6, ಶುಕ್ರವಾರ. ಸಲಹೆ ಆಕ್ಷೇಪಣೆಗಳಿಗೆ ಕೊಟ್ಟ ಕೊನೆಯ ದಿನ ಮಾರ್ಚ್ 9, ಸೋಮವಾರ. ನಡುವೆ ಶನಿವಾರ, ಭಾನುವಾರ. ಹಳ್ಳಿಯ ಸೊಸೈಟಿಯ ಸರ್ವಸಾಧಾರಣ ಸಭೆಗೂ ಇದಕ್ಕಿಂತ ದೀರ್ಘವಾದ ನೋಟೀಸು ಕೊಡುತ್ತಾರೆ! 13ರಂದು ಯೋಜನೆ ಅಧಿಕೃತವಾಗಿ ಹೊರಟಿತು. ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ 45ನೆಯ ವಿಧಿಯ ಮೇರೆಗೆ ಮಾಡಿದ ಯೋಜನೆಯಾದುದರಿಂದ ಷೇರುದಾರರ ಸಭೆಯೂ ಬೇಕಾಗಲಿಲ್ಲ, ಮತವೂ ಬೇಕಾಗಲಿಲ್ಲ.

ಯೋಜನೆಯ ತಿರುಳು ಇದು. ಬ್ಯಾಂಕಿನಲ್ಲಿ ಆಗ ಸುಮಾರು 255 ಕೋಟಿ ಷೇರುಗಳಿದ್ದುವು. ಅದರ ಮೇಲೆ ಹೊಸದಾಗಿ 1,000 ಕೋಟಿ ಷೇರುಗಳನ್ನು ಹತ್ತು ರೂಪಾಯಿಯಂತೆ ಸೃಷ್ಟಿಸಿ, ಸ್ಟೇಟ್ ಬ್ಯಾಂಕಿಗೆ 605 ಕೋಟಿ ಷೇರು, ಐಸಿಐಸಿಐ ಬ್ಯಾಂಕಿಗೂ ಎಚ್‌ಡಿಎಫ್‌ಸಿಗೂ ನೂರು ನೂರು ಕೋಟಿ, ಉಳಿದದ್ದನ್ನು ಆಕ್ಸಿಸ್, ಕೋಟಕ್, ಬಂಧನ್, ಫೆಡರಲ್, ಐಡಿಎಫ್‌ಸಿ ಫಸ್ಟ್ ಬ್ಯಾಂಕುಗಳಿಗೆ ಹಂಚಿದರು. ಒಟ್ಟು 10,000 ಕೋಟಿ ರೂಪಾಯಿ ಬಂತು. ನಿನ್ನೆ ಇಡೀ ಬ್ಯಾಂಕಿನ ಒಡೆಯರಾಗಿದ್ದ ಹಳೆಯ ಷೇರುದಾರರು ಇಂದು ಐದರಲ್ಲೊಂದರ ಒಡೆಯರಾದರು. ಯೋಜನೆ ಹೊರಟ ದಿನ ಪೇಟೆಯಲ್ಲಿ ಷೇರಿನ ಬೆಲೆ 25 ರೂಪಾಯಿಯ ಮೇಲಿತ್ತು. ಪೇಟೆಯ ಬೆಲೆ ಹುಚ್ಚು ಬೆಲೆ, ಕಷ್ಟದಲ್ಲಿರುವ ಬ್ಯಾಂಕಿಗೆ ಹಣ ಹಾಕುವವನಿಗೆ ಕಡಿಮೆ ಬೆಲೆ ಬೇಕೇ ಬೇಕು ಎಂದು ಬಲ್ಲವರು ಹೇಳುತ್ತಾರೆ. ಒಪ್ಪೋಣ. ಹಣ ಬಾರದೆ ಹೋಗಿದ್ದರೆ ಹಳೆಯ ಷೇರಿಗೆ ಮೂರು ಕಾಸೂ ಸಿಗುತ್ತಿರಲಿಲ್ಲ ಎಂಬುದನ್ನೂ ಒಪ್ಪೋಣ.

ಆದರೆ ಆ ಹತ್ತು ರೂಪಾಯಿಯ ಬಾಗಿಲು ಸಣ್ಣ ಷೇರುದಾರನಿಗೆ ಏಕೆ ಮುಚ್ಚಿತ್ತು?

ದಾವಣಗೆರೆಯ ಮಂಡಿಪೇಟೆಯಲ್ಲೋ ಹುಬ್ಬಳ್ಳಿಯ ದುರ್ಗದಬೈಲಿನಲ್ಲೋ ನಾಲ್ವರು ಸೇರಿ ನಡೆಸುವ ಒಂದು ಅಂಗಡಿ ಸಾಲದಲ್ಲಿ ಬಿತ್ತೆನ್ನಿ. ಹೊರಗಿನವನೊಬ್ಬ ಹಣ ಹಾಕಲು ಮುಂದೆ ಬಂದ. ಆಗ ಪೇಟೆಯ ಹಿರಿಯರು ಮೊದಲು ಕೇಳುವ ಮಾತೇನು? “ನೀವು ನಾಲ್ವರಲ್ಲಿ ಯಾರಿಗಾದರೂ ಹಾಕುವ ಶಕ್ತಿಯಿದೆಯೆ? ಇದ್ದರೆ ಇದೇ ಕರಾರಿನ ಮೇಲೆ ಹಾಕಿ; ಇಲ್ಲದಿದ್ದರೆ ಅವನು ಬರಲಿ.” ಇದು ಪೇಟೆಯ ಮರ್ಯಾದೆ ಮಾತ್ರವಲ್ಲ, ದೇಶದ ಕಾಯಿದೆ ಕೂಡ. ಕಂಪನಿ ಹೊಸ ಷೇರು ಹೊರಡಿಸುವಾಗ ಇದ್ದ ಷೇರುದಾರರಿಗೆ ಅವರವರ ಹಿಡುವಳಿಯ ಪ್ರಮಾಣದಲ್ಲಿ ಮೊದಲು ನೀಡಬೇಕೆಂಬುದು 1956ರ ಕಂಪನಿ ಕಾಯಿದೆಯ 81ನೆಯ ವಿಧಿಯಲ್ಲಿತ್ತು. 2013ರ ಕಾಯಿದೆಯ 62ನೆಯ ವಿಧಿಯಲ್ಲಿ ಈಗಲೂ ಇದೆ. ಬೇರೆಯವರಿಗೆ ನೇರವಾಗಿ ಕೊಡಬೇಕಾದರೆ ಮತ ಹಾಕಿದವರಲ್ಲಿ ಮುಕ್ಕಾಲು ಪಾಲು ಒಪ್ಪಿಗೆಯಾದರೂ ಬೇಕು. ಸಂಕಟಕ್ಕೆ ಸಿಕ್ಕಿದ ಬ್ಯಾಂಕಿನ ಮಟ್ಟಿಗೆ ಈ ಎರಡೂ ಇಲ್ಲವಾದುವು.

ಓಡಿಹೋಗುತ್ತಿರುವ ಠೇವಣಿಯನ್ನು ತಡೆಯಬೇಕಾದಾಗ ಲಕ್ಷಾಂತರ ಮಂದಿಗೆ ಪತ್ರ ಬರೆದು ಕೂರಲು ಪುರುಸೊತ್ತೆಲ್ಲಿ ಎಂಬುದು ಸರಕಾರದ ಕಡೆಯ ವಾದ. ಪುರುಸೊತ್ತು ಬೇಕಾಗಿರಲಿಲ್ಲ. ಸ್ಟೇಟ್ ಬ್ಯಾಂಕು ಮತ್ತು ಜೊತೆಗಾರರು ಪೂರ್ತಿ ಹಣವನ್ನು ಅಂದೇ ಹಾಕಲಿ. ಅದರಲ್ಲಿ ಕಾಲುಭಾಗವನ್ನು ಮೂರು ತಿಂಗಳೊಳಗೆ ಅದೇ ಹತ್ತು ರೂಪಾಯಿಗೆ ಹಳೆಯ ಸಣ್ಣ ಷೇರುದಾರರು ಬಿಡಿಸಿಕೊಳ್ಳಬಹುದು ಎಂದು ಯೋಜನೆಯಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಕಾಲುಭಾಗವೆಂದರೆ 250 ಕೋಟಿ ಷೇರು. ಹಳೆಯ ಷೇರುಗಳೂ ಹೆಚ್ಚು ಕಡಿಮೆ ಅಷ್ಟೇ. ಎಂದರೆ ಒಂದಕ್ಕೆ ಒಂದು. ಸಾವಿರ ಷೇರು ಇದ್ದವನು ಹತ್ತು ಸಾವಿರ ರೂಪಾಯಿ ಹೊಂದಿಸಿದ್ದರೆ, 2025ರಲ್ಲಿ ಜಪಾನಿನವರು ಕೊಟ್ಟ ಬೆಲೆಯಲ್ಲಿ ಅದು ಇಪ್ಪತ್ತೊಂದೂವರೆ ಸಾವಿರ. ಕಳೆದದ್ದೆಲ್ಲ ಅದರಿಂದ ಬರುತ್ತಿರಲಿಲ್ಲ, ನಿಜ. ಬ್ಯಾಂಕಿಗೆ ಬರುವ ಹಣದಲ್ಲಿ ಒಂದು ಪೈಸೆಯೂ ಕಡಿಮೆಯಾಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಬಾಗಿಲು ಮುಚ್ಚಿದ್ದಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. ಒಳಗಿದ್ದವನಿಗೆ ಬೀಗವನ್ನೂ ಹಾಕಿದರು. ನೂರಕ್ಕಿಂತ ಹೆಚ್ಚು ಷೇರು ಇದ್ದವರೆಲ್ಲರ ಹಿಡುವಳಿಯಲ್ಲಿ ಮುಕ್ಕಾಲು ಪಾಲನ್ನು ಮೂರು ವರ್ಷ ಮಾರುವಂತಿಲ್ಲವೆಂದು ಯೋಜನೆ ವಿಧಿಸಿತು. ಹಣ ಹಾಕಿದ ಬ್ಯಾಂಕುಗಳಿಗೂ ಇಂಥ ಕಟ್ಟುಪಾಡು ಇತ್ತು ಎಂದು ಸಮಾನತೆಯ ಮಾತಾಡುವವರಿದ್ದಾರೆ. ಬ್ಯಾಂಕುಗಳು ಕರಾರು ಓದಿ, ಒಪ್ಪಿ, ಹತ್ತು ರೂಪಾಯಿಗೆ ಒಳಗೆ ಬಂದುವು. ಸಣ್ಣವನು ಇನ್ನೂರಕ್ಕೋ ಮುನ್ನೂರಕ್ಕೋ ಕೊಂಡವನು. ಕರಾರು ಬಂದದ್ದು ಆಮೇಲೆ. ಆನೆಗೂ ಇರುವೆಗೂ ಒಂದೇ ಸರಪಳಿ ಹಾಕಿ ಇದು ಸಮಾನತೆ ಎಂದರೆ ಏನು ಹೇಳುವುದು?

ಬೀಗ ಬಿದ್ದ ವೇಳೆಯನ್ನೂ ನೋಡಬೇಕು. ಮಾರ್ಚ್ 18ರಂದು ಷೇರಿನ ಬೆಲೆ ಒಮ್ಮೆಗೇ 80 ರೂಪಾಯಿ ದಾಟಿತು. ಮಾರಲು ಸರಕೇ ಇಲ್ಲದ ಪೇಟೆಯಲ್ಲಿ ಬೆಲೆ ಏರುವುದು ಸಹಜ. ಸಾವಿರ ಷೇರು ಇದ್ದವನು ಅಂದು ಮಾರಬಹುದಾಗಿದ್ದುದು ಇನ್ನೂರೈವತ್ತನ್ನು. ಒಂದು ವಾರದಲ್ಲಿ, ಮಾರ್ಚ್ 25ರಿಂದ, ದೇಶಕ್ಕೇ ಬೀಗ ಬಿತ್ತು. ಗಿರಣಿ ನಿಂತಿತು, ಅಂಗಡಿಯ ಬಾಗಿಲು ಎಳೆದದ್ದಾಯಿತು, ಕೂಲಿ ಇಲ್ಲ, ವ್ಯಾಪಾರವಿಲ್ಲ. ಮನೆಯಲ್ಲಿದ್ದ ಚಿನ್ನವನ್ನು ಅಡವಿಡುವ ಹೊತ್ತಿನಲ್ಲಿ ತನ್ನದೇ ಷೇರನ್ನು ನಷ್ಟಕ್ಕಾದರೂ ಮಾರಿ ಅಕ್ಕಿ ಬೇಳೆ ತರುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಬೀಗ ತೆಗೆದದ್ದು 2023ರ ಮಾರ್ಚಿನಲ್ಲಿ. ಆಗ ಬೆಲೆ 16 ರೂಪಾಯಿಯ ಆಸುಪಾಸು.

ನಡುವೆ 2020ರ ಜುಲೈನಲ್ಲಿ ಬ್ಯಾಂಕು ಹನ್ನೆರಡು ರೂಪಾಯಿಯಂತೆ ಇನ್ನೂ 1,250 ಕೋಟಿ ಷೇರುಗಳನ್ನು ಹೊರಡಿಸಿ 15,000 ಕೋಟಿ ರೂಪಾಯಿ ಎತ್ತಿತು. ಇದು ಸಾರ್ವಜನಿಕರಿಗೂ ತೆರೆದಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದು ಊರಿಗೆಲ್ಲ ತೆರೆದ ಬಾಗಿಲು. ಹಳೆಯ ಷೇರುದಾರನ ಹಿಡುವಳಿಯ ಪ್ರಮಾಣಕ್ಕೆ ತಕ್ಕ ಹಕ್ಕು ಅಲ್ಲಿರಲಿಲ್ಲ, ಬೆಲೆಯೂ ಹತ್ತಾಗಿರಲಿಲ್ಲ. 2022ರಲ್ಲಿ ಕಾರ್ಲೈಲ್ ಮತ್ತು ಅಡ್ವೆಂಟ್ ಎಂಬ ಪರದೇಶದ ಬಂಡವಳ ಕೂಟಗಳು 13 ರೂಪಾಯಿ 78 ಪೈಸೆಯಂತೆ ಬಂದುವು. ಹೀಗೆ ಹಾಲಿಗೆ ಮತ್ತೆ ಮತ್ತೆ ನೀರು ಬಿದ್ದು, 255 ಕೋಟಿ ಇದ್ದ ಷೇರುಗಳು 3,100 ಕೋಟಿ ದಾಟಿದುವು. 2020ರ ಆರಂಭದಲ್ಲಿ ನೂರು ಪಾಲು ಎಂದು ಲೆಕ್ಕವಿಟ್ಟರೆ ಹಳೆಯವರ ಪಾಲು ಇಪ್ಪತ್ತಾಗಿ, ಹತ್ತಾಗಿ, ಎಂಟಕ್ಕೆ ಬಂದು ನಿಂತಿದೆ.

ಬಾಂಡು ಕೊಂಡವರ ಕತೆ ಇನ್ನೂ ವಿಚಿತ್ರ. ಷೇರಿಗಿಂತ ಭದ್ರವೆಂದು ಮಾರಿದ 8,415 ಕೋಟಿ ರೂಪಾಯಿಗಳ ಬಾಂಡನ್ನು 2020ರ ಮಾರ್ಚ್ 14ರಂದು ಒಂದೇ ಗೀಟಿನಲ್ಲಿ ಸೊನ್ನೆ ಮಾಡಿದರು. ಷೇರು ಬದುಕಿತು, ಅದಕ್ಕಿಂತ ಮೇಲಿನ ಮೆಟ್ಟಿಲಿನ ಬಾಂಡು ಸತ್ತಿತು! ಬ್ಯಾಂಕಿನ ಸ್ವಂತ ಗಿರಾಕಿಗಳಲ್ಲಿ 277 ಮಂದಿ ತಮ್ಮ ಠೇವಣಿಯನ್ನು ಅವಧಿಗೆ ಮೊದಲೇ ಮುರಿದು ಈ ಬಾಂಡಿಗೆ ಹಾಕಿದ್ದರೆಂದು ಸೆಬಿಯ 2021ರ ಆದೇಶ ಹೇಳುತ್ತದೆ. ಅಪಾಯವನ್ನು ಸರಿಯಾಗಿ ತಿಳಿಸದೆ ಮಾರಿದ್ದಕ್ಕೆ ಬ್ಯಾಂಕಿಗೆ 25 ಕೋಟಿ ರೂಪಾಯಿ ದಂಡ ಹಾಕಿದರು. ಬ್ಯಾಂಕು ಮೇಲ್ಮನವಿ ಹೋಯಿತು. ಬಾಂಡನ್ನು ಅಳಿಸಿದ್ದು ಸಲ್ಲದೆಂದು ಮುಂಬಯಿ ಹೈಕೋರ್ಟು 2023ರ ಜನವರಿಯಲ್ಲಿ ತೀರ್ಪಿತ್ತಿತು. ಅದೂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ನಿವೃತ್ತರ ಆಯುಷ್ಯಕ್ಕಿಂತ ವ್ಯಾಜ್ಯದ ಆಯುಷ್ಯ ದೊಡ್ಡದು.

ಯೆಸ್ ಬ್ಯಾಂಕಿನ ಷೇರುದಾರನಿಗೆ ಎಂಟಾದರೂ ಉಳಿಯಿತಲ್ಲ ಎಂದು ಹೇಳುವಂಥ ಕಥೆಗಳೂ ಇವೆ. ಕರೂರಿನ ಏಳು ಮಂದಿ ವರ್ತಕರು 1926ರಲ್ಲಿ ಕಟ್ಟಿದ ಲಕ್ಷ್ಮೀ ವಿಲಾಸ ಬ್ಯಾಂಕನ್ನು 2020ರ ನವೆಂಬರಿನಲ್ಲಿ ಸಿಂಗಪುರದ ಡಿಬಿಎಸ್‌ನ ಭಾರತೀಯ ಬ್ಯಾಂಕಿಗೆ ಸೇರಿಸಿದಾಗ ಷೇರು ಬಂಡವಳವನ್ನು ಪೂರ್ತಿ ಅಳಿಸಿದರು. ಕವಲೊಡೆದ ಶಾಖೆಗಳೂ ಗಿರಾಕಿಗಳೂ ಹೊಸಬರಿಗೆ ಹೋದುವು, ಷೇರುದಾರನ ಕೈಯಲ್ಲಿ ಸೊನ್ನೆ ಉಳಿಯಿತು. ಡಿಎಚ್‌ಎಫ್‌ಎಲ್ ಷೇರುದಾರರಿಗೆ 2021ರಲ್ಲಿ ಆದದ್ದೂ ಅದೇ. ರುಚಿ ಸೋಯಾ ಕಂಪನಿಯನ್ನು ಪತಂಜಲಿಯವರು 2019ರಲ್ಲಿ ಕೊಂಡಾಗ ಹಳೆಯ ನೂರು ಷೇರಿಗೆ ಒಂದರಂತೆ ಇಳಿಸಿದರು. ಜನರ ಕೈಯಲ್ಲಿ ನೂರಕ್ಕೆ ಒಂದರಷ್ಟೂ ಉಳಿಯದ ಆ ಷೇರು ಮರುವರ್ಷ ಸಾವಿರದೈನೂರು ರೂಪಾಯಿಯವರೆಗೆ ಕುಣಿಯಿತು. ನೂರರಲ್ಲಿ ತೊಂಬತ್ತೊಂಬತ್ತನ್ನು ಕಳೆದುಕೊಂಡವನು ಆ ಕುಣಿತವನ್ನು ದೂರದಿಂದ ನೋಡಿದ.

45ನೆಯ ವಿಧಿಯ ಹುಟ್ಟನ್ನು ಇಲ್ಲಿ ನೆನೆಯಬೇಕು. ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು 1960ರ ಆಗಸ್ಟಿನಲ್ಲಿ ಬಿದ್ದಾಗ ಸಣ್ಣ ಠೇವಣಿದಾರರು ಬೀದಿಗೆ ಬಂದರು. ಆ ಗೋಳಿನಿಂದ ಎಚ್ಚೆತ್ತು ಅದೇ ವರ್ಷ ಕಾಯಿದೆಗೆ ತಿದ್ದುಪಡಿ ತಂದು, ಬೀಳುವ ಬ್ಯಾಂಕನ್ನು ತಡೆದು ನಿಲ್ಲಿಸುವ, ಇನ್ನೊಂದಕ್ಕೆ ಸೇರಿಸುವ ಅಧಿಕಾರ ಕೊಟ್ಟರು. 1962ರಲ್ಲಿ ಠೇವಣಿ ವಿಮೆ ಬಂತು. ಅಂದು 1,500 ರೂಪಾಯಿವರೆಗೆ, 2020ರ ಫೆಬ್ರವರಿಯಿಂದ 5 ಲಕ್ಷದವರೆಗೆ. ಸಣ್ಣವರನ್ನು ಕಾಯಲೆಂದು ಹುಟ್ಟಿದ ವಿಧಿ ಇದು. ಅದನ್ನು ಹಿಡಿದು ಸಣ್ಣವರ ಬಾಯಿಗೆ ಬಟ್ಟೆ ತುರುಕುವುದು ವಿಧಿಯನ್ನು ತಲೆಕೆಳಗು ಮಾಡಿದಂತೆ.

ಸ್ಟೇಟ್ ಬ್ಯಾಂಕು ಗಳಿಸಿದ್ದರಲ್ಲಿ ನಮಗೆ ಹೊಟ್ಟೆಕಿಚ್ಚಿಲ್ಲ. ಅದು ಬಹುಪಾಲು ಸರಕಾರದ್ದು, ನಷ್ಟದ ಅಪಾಯವನ್ನು ಹೊತ್ತಿದ್ದೂ ಹೌದು. ಆದರೆ ಸರಕಾರ ತನ್ನ ಅಧಿಕಾರದಿಂದ ಬೆಲೆ ಕಟ್ಟಿ, ತನ್ನ ಬ್ಯಾಂಕಿನ ಹಣವನ್ನು ಮುಂದಿಟ್ಟು, ಭಯವನ್ನು ಕಳೆದ ಮೇಲೆ ಅದೇ ಹತ್ತು ರೂಪಾಯಿಯ ಪಂಕ್ತಿಯಲ್ಲಿ ಏಳು ಖಾಸಗಿ ಬ್ಯಾಂಕುಗಳನ್ನು 3,950 ಕೋಟಿಗೆ ಕೂರಿಸಿತಲ್ಲ, ಆ ಪಂಕ್ತಿಯಲ್ಲಿ ಹಳೆಯ ಸಣ್ಣ ಷೇರುದಾರನಿಗೆ ಎಲೆ ಹಾಕಲಿಲ್ಲವೇಕೆ? ಕೊನೆಗೆ ಬ್ಯಾಂಕಿನ ಅತಿದೊಡ್ಡ ಷೇರುದಾರ ಜಪಾನಿನ ಬ್ಯಾಂಕಾಯಿತು. ಅಷ್ಟಕ್ಕೆ ಇಷ್ಟೆಲ್ಲ.

ದಿವಾಳಿ ಕಾಯಿದೆಯಡಿ ಕೈಬದಲಾಗುವ ಕಂಪನಿಗಳ ವಿಷಯದಲ್ಲಿ ಸೆಬಿಯೇ 2022ರ ನವೆಂಬರಿನಲ್ಲಿ ಒಂದು ಸಲಹೆಯನ್ನು ಚರ್ಚೆಗೆ ಇಟ್ಟಿತು. ಹೊಸ ಒಡೆಯನು ಕೊಡುವ ಬೆಲೆಗೇ, ಹೊಸ ಕಂಪನಿಯ ಷೇರುಗಳಲ್ಲಿ ಕನಿಷ್ಠ ನೂರಕ್ಕೆ ಐದರಿಂದ ಇಪ್ಪತ್ತೈದರವರೆಗೆ ಕೊಳ್ಳುವ ಅವಕಾಶ ಹಳೆಯ ಸಾರ್ವಜನಿಕ ಷೇರುದಾರರಿಗೆ ಇರಬೇಕು ಎಂಬುದು ಅದರ ಸಾರ. ನಾವು ಕೇಳುತ್ತಿರುವುದೂ ಹೆಚ್ಚೇನಲ್ಲ. ಸಮಾಜವಾದದ ಕನಸಲ್ಲ ಇದು. ಬಂಡವಳಶಾಹಿಯ ಸ್ವಂತ ಕಾವಲುಗಾರನು ಆಡಿದ ಮಾತು. ಅದು ದಿವಾಳಿ ಕಾಯಿದೆಯಲ್ಲಿಯೂ ಬ್ಯಾಂಕಿಂಗ್ ಕಾಯಿದೆಯ 45ನೆಯ ವಿಧಿಯಲ್ಲಿಯೂ ಕಡ್ಡಾಯವಾಗಿ ಸೇರಬೇಕು. ಐದು ಲಕ್ಷದವರೆಗಿನ ಠೇವಣಿಗೆ ವಿಮೆ ಇರುವಂತೆ, ಇಂತಿಷ್ಟು ಮೊತ್ತದವರೆಗಿನ ಷೇರು ಹಿಡುವಳಿಗೆ ಮಾರಾಟದ ಬೀಗ ಹಾಕಕೂಡದು. ನೂರು ಷೇರಿನ ವಿನಾಯಿತಿ ವಿನಾಯಿತಿಯಲ್ಲ, ಕಣ್ಣೊರೆಸುವ ಆಟ. ಹೊಸ ಷೇರಿನ ಬೆಲೆಯನ್ನು ಯಾವ ಲೆಕ್ಕದಿಂದ ಕಟ್ಟಿದರೆಂಬ ಕಾಗದವನ್ನು ಯೋಜನೆಯೊಂದಿಗೆ ಪ್ರಕಟಿಸಬೇಕು. ಇನ್ನು ಸುಳ್ಳು ಲೆಕ್ಕಕ್ಕೆ ರುಜು ಹಾಕುವ ಲೆಕ್ಕಪರಿಶೋಧಕರು, ಬಾಂಡಿಗೆ ಮೇಲ್ದರ್ಜೆಯ ಮುದ್ರೆ ಒತ್ತುವ ಸಂಸ್ಥೆಗಳು. ಅವರ ಜೇಬಿನಿಂದ ಒಂದು ಪಾಲು ಬಂದಾಗಲ್ಲದೆ ಆ ಕಸಬು ನೆಟ್ಟಗಾಗುವಂತೆ ಕಾಣುವುದಿಲ್ಲ. ಆ ವಿಷಯವನ್ನು ಇನ್ನೊಂದು ಸಂಚಿಕೆಯಲ್ಲಿ ಎತ್ತಿಕೊಳ್ಳೋಣ.

ಓದುಗರಲ್ಲಿ ಷೇರು ಇಟ್ಟುಕೊಂಡವರಿಗೆ ಒಂದು ಮಾತು. ಬ್ಯಾಂಕಲ್ಲದ ಕಂಪನಿಗಳು ಸಂಕಟದಲ್ಲಿ ಸಿಕ್ಕಿ ಹೊರಗಿನವರಿಗೆ ನೇರವಾಗಿ ಷೇರು ಕೊಡಹೊರಟಾಗ ನಿಮ್ಮ ಮತ ಕೇಳಲೇಬೇಕು. ಆ ನೋಟೀಸು ಈಗ ಅಂಚೆಯಲ್ಲಿ ಬರುವುದು ಅಪರೂಪ. ಮೊಬೈಲಿನ ಇ-ಮೇಲಿಗೆ ಇಂಗ್ಲಿಷಿನಲ್ಲಿ ಬಂದು ಬೀಳುತ್ತದೆ. ನಾವು ಅದನ್ನು ಜಾಹೀರಾತೆಂದು ಅಳಿಸಿಬಿಡುತ್ತೇವೆ. ಅದನ್ನು ತೆರೆಯಿರಿ. ಓದಲು ಬಾರದಿದ್ದರೆ ಬಲ್ಲ ಹುಡುಗರಿಂದ ಓದಿಸಿ, ಯಾರಿಗೆ, ಎಷ್ಟು ಷೇರು, ಯಾವ ಬೆಲೆಗೆ ಎಂಬ ಮೂರನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಮತ ಹಾಕಿದವರಲ್ಲಿ ನೂರಕ್ಕೆ ಎಪ್ಪತ್ತೈದರಷ್ಟು ಒಪ್ಪದಿದ್ದರೆ ಅವರ ನಿರ್ಣಯ ಬಿದ್ದುಹೋಗುತ್ತದೆ. ಲೋಕಸಭೆಯ ಸದಸ್ಯರು ಊರಿಗೆ ಬಂದಾಗ 45ನೆಯ ವಿಧಿಯ ಮಾತನ್ನು ಅವರ ಮುಂದಿಡಿ. ರಸ್ತೆ, ಚರಂಡಿಯ ಅರ್ಜಿಯ ಜೊತೆಗೆ ಈ ಅರ್ಜಿಯೂ ಇರಲಿ.